ಕಿವಿಯ ಹೆಡ್‌ಸೆಟ್ಟೂ ಮನೆಯ ಕರೆಯೂ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಗ್ರಾಮವಾಸಿ ದಂಪತಿಗಳೆ,

ಕುಟುಂಬ ಕಲ್ಯಾಣವೆಂದೊಡನೆ ಹೆರಿಗೆ, ಲಸಿಕೆ, ಮಕ್ಕಳ ನಡುವಣ ಅಂತರ ಇವು ನಿಮ್ಮ ನೆನಪಿಗೆ ಬರುವುದು ಸಹಜ. ಇಂದು ನಾನು ಬೇರೊಂದು ಚಿಕ್ಕ ವಸ್ತುವಿನ ವಿಷಯವಾಗಿ ನಿಮ್ಮೊಡನೆ ಮಾತನಾಡಬಯಸುತ್ತೇನೆ. ಅದು ಮೊಬೈಲ್ ಫೋನಿನೊಡನೆ ಬಳಸುವ, ತಂತಿಯಿಲ್ಲದ ಹೆಡ್‌ಸೆಟ್. ಕೆಲವರು ಅದನ್ನು ಬ್ಲೂಟೂತ್ ಎಂದೇ ಕರೆಯುತ್ತಾರೆ. ಕೊರಳಿಗೆ ಹಾಕಿಕೊಳ್ಳುವ ನೆಕ್‌ಬ್ಯಾಂಡ್ ಕೆಲವರದು. ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಇಯರ್‌ಬಡ್ ಇನ್ನು ಕೆಲವರದು. ಇದು ಉಪಯುಕ್ತ ವಸ್ತು; ಆದರೆ ಸರಿಯಾಗಿ ಬಳಸಲು ತಿಳಿದಿರಬೇಕು.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಸಂಜೆಯ ಹೊತ್ತು, ಹೊರಗೆ ಆಷಾಢದ ಮಳೆ. ಗಂಡ ಜಗಲಿಯಲ್ಲಿ ಕುಳಿತು ಎರಡೂ ಕಿವಿಗಳಿಗೆ ಹೆಡ್‌ಸೆಟ್ ಹಾಕಿಕೊಂಡು ಯಕ್ಷಗಾನ ಕೇಳುತ್ತಿದ್ದಾನೆ. ತುಂಬು ಗರ್ಭಿಣಿಯಾದ ಹೆಂಡತಿ ಕೊಟ್ಟಿಗೆಯಲ್ಲಿ ಕಾಲು ಜಾರಿ ಬಿದ್ದಿದ್ದಾಳೆ. ಆಕೆ ಒಮ್ಮೆ ಕರೆಯುತ್ತಾಳೆ, ಎರಡು ಬಾರಿ ಕರೆಯುತ್ತಾಳೆ. ಮೊದಲೇ ಮಳೆಯ ಸದ್ದು. ಮೇಲೆ ಮುಚ್ಚಿದ ಕಿವಿ. ನಮ್ಮ ಸೀಮೆಯಲ್ಲಿ ಮನೆಗಳು ತೋಟದ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಇರುವುದರಿಂದ ನೆರೆಮನೆಯವರು ಓಡಿಬರುವರೆಂಬ ಭರವಸೆಯೂ ಇಲ್ಲ. ಆ ಹೊತ್ತಿನಲ್ಲಿ ಆಕೆಯ ಕೂಗಿಗೆ ಓಗೊಡಬೇಕಾದ ಕಿವಿ ಒಂದೇ, ಅದು ಗಂಡನದು. ಹೆಂಡತಿ ಅಡಿಗೆಮನೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ತವರಿನವರೊಡನೆ ಮಾತನಾಡುತ್ತಿರುವಾಗ ಮಗು ಬಾವಿಕಟ್ಟೆಯತ್ತ ನಡೆದರೂ ಮಾತು ಇದೇ. ಆದುದರಿಂದ ಈ ಭಾಷಣದ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಡ್‌ಸೆಟ್ ಬಳಸಿರಿ, ಆದರೆ ಒಂದು ಕಿವಿಯನ್ನು ಮನೆಗಾಗಿ ಬಿಟ್ಟಿರಿ.

ಈ ಸಾಧನದಿಂದಾಗುವ ಅನುಕೂಲಗಳನ್ನು ನಾವು ಅಲ್ಲಗಳೆಯುವುದಿಲ್ಲ. ಕೈ ಸೆಗಣಿಯಲ್ಲಿ ಇರುವಾಗಲೂ, ರೊಟ್ಟಿಯ ಹಿಟ್ಟಿನಲ್ಲಿ ಇರುವಾಗಲೂ ಬೆಂಗಳೂರಿನಲ್ಲಿರುವ ಗಂಡನೊಡನೆ ಎರಡು ಮಾತನಾಡಬಹುದು. ತುಂಬು ಸಂಸಾರದ ಮನೆಯಲ್ಲಿ ಗರ್ಭನಿರೋಧಕ ಕ್ರಮಗಳ ಬಗೆಗೋ, ಮುಟ್ಟಿನ ತೊಂದರೆಯ ಬಗೆಗೋ ಆಶಾ ಕಾರ್ಯಕರ್ತೆಯೊಡನೆ ಮಾತನಾಡಲು ಸಂಕೋಚಪಡುವ ಸೊಸೆಗೆ ಹೆಡ್‌ಸೆಟ್ ಸಹಾಯಕ. ಆಕೆ ಕೇಳಿಸಿಕೊಳ್ಳುವ ಉತ್ತರ ಬೇರೆಯವರ ಕಿವಿಗೆ ಬೀಳುವುದಿಲ್ಲ.

ಇಲ್ಲಿಯೇ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಒಮ್ಮೆ ಫೋನಿಗೆ ಜೋಡಿಸಿದ ಹೆಡ್‌ಸೆಟ್, ಮುಂದೆ ಚಾಲೂ ಆದಾಗಲೆಲ್ಲ ತಾನಾಗಿಯೇ ಅದೇ ಫೋನಿಗೆ ಸೇರಿಕೊಳ್ಳುತ್ತದೆ. ಸಾಮಾನ್ಯ ಹೆಡ್‌ಸೆಟ್ಟಿನ ಸಂಪರ್ಕ ಸುಮಾರು 10 ಮೀಟರು ದೂರದವರೆಗೆ ಇರುತ್ತದೆ. ಹೆಂಡತಿಯ ಫೋನಿಗೆ ಜೋಡಿಸಿದ ನೆಕ್‌ಬ್ಯಾಂಡನ್ನು ಬೇರೊಬ್ಬರು ಜಗಲಿಯಲ್ಲಿ ಹಾಕಿಕೊಂಡಿದ್ದರೆ ಆಕೆಯ ಕರೆಯ ಮಾತು ಅವರ ಕಿವಿಗೆ ಹೋಗಬಹುದು. ಗುಟ್ಟಿನ ಮಾತಿಗೆ ಮೊದಲು ಫೋನಿನಲ್ಲಿ ಬ್ಲೂಟೂತ್ ಎಲ್ಲಿಗೆ ಸೇರಿದೆಯೆಂದು ನೋಡಿಕೊಳ್ಳಿರಿ. ಎರಡನೆಯದು ಇನ್ನೂ ಮುಖ್ಯವಾದುದು. 108 ಆಂಬುಲೆನ್ಸಿಗೆ ಕರೆ ಮಾಡಿದಾಗ ಅತ್ತಲಿನ ಧ್ವನಿ ಕೇಳಿಸದಿದ್ದರೆ, ಫೋನು ಕೆಟ್ಟಿದೆಯೆಂದು ಗಾಬರಿಯಾಗಬೇಡಿರಿ. ಕರೆ ಒಳಕೋಣೆಯಲ್ಲಿ ಬಿದ್ದಿರುವ ಹೆಡ್‌ಸೆಟ್ಟಿಗೆ ಹೋಗಿರಬಹುದು. ಒಡನೆಯೇ ಬ್ಲೂಟೂತ್ ಆರಿಸಿದರೆ ಧ್ವನಿ ಫೋನಿಗೆ ಮರಳುತ್ತದೆ. ನಮ್ಮ ರಾಜ್ಯದಲ್ಲಿ 108 ಸೇವೆ 2008ರಲ್ಲಿ ಆರಂಭವಾಯಿತು. ಹಾವು ಕಚ್ಚಿದಾಗಲೂ ಹೆರಿಗೆಯ ನೋವು ಬಂದಾಗಲೂ ಒಂದೊಂದು ನಿಮಿಷವೂ ಅಮೂಲ್ಯ. ಆದುದರಿಂದ ಬ್ಲೂಟೂತ್ ಆರಿಸುವ ಬಗೆಯನ್ನು ಮನೆಯ ಹಿರಿಯರಿಗೂ ಈ ದಿನವೇ ಕಲಿಸಿಕೊಡಿರಿ.

ಇನ್ನು ಕಿವಿಯ ವಿಷಯ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಅಂಗವಿದೆ. ಅದರೊಳಗೆ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಶಬ್ದವನ್ನು ಮಿದುಳಿಗೆ ತಿಳಿಯುವ ಸಂಕೇತವನ್ನಾಗಿ ಮಾರ್ಪಡಿಸುವವು ಇವೇ. ಅತಿ ಶಬ್ದಕ್ಕೆ ಈ ಕೋಶಗಳು ದಣಿಯುತ್ತವೆ. ಶಬ್ದ ಬಹುಕಾಲ ಮುಂದುವರಿದರೆ ಸಾಯುತ್ತವೆ. ಕೊಯ್ದ ಹುಲ್ಲು ಮತ್ತೆ ಚಿಗುರುತ್ತದೆ. ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಹಾಗೆ ಹೋದ ಕೇಳ್ಮೆಯನ್ನು ಹಿಂದಕ್ಕೆ ತರುವ ಔಷಧಿಯಿಲ್ಲ. ಕಾಪಾಡಿಕೊಳ್ಳುವುದೇ ಇದಕ್ಕೆ ಮದ್ದು.

ಎಷ್ಟು ಹೊತ್ತು ಕೇಳಬಹುದು? ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಕೂಡಿ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಈ ಮಿತಿ 75 ಡೆಸಿಬೆಲ್. ನಾವು ಎದುರುಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬೆಲ್. ಶಬ್ದ ಪ್ರತಿ 3 ಡೆಸಿಬೆಲ್ ಏರಿದಂತೆ ಕೇಳಬಹುದಾದ ಕಾಲ ಅರ್ಧಕ್ಕೆ ಇಳಿಯುತ್ತದೆಂಬುದನ್ನು ಗಮನಿಸಿರಿ. 83 ಡೆಸಿಬೆಲ್ ಆದರೆ ವಾರಕ್ಕೆ 20 ಗಂಟೆ, 86 ಆದರೆ 10 ಗಂಟೆ, 89 ಆದರೆ 5 ಗಂಟೆ ಮಾತ್ರ. ಮನೆಯಲ್ಲಿ ಡೆಸಿಬೆಲ್ ಅಳೆಯುವುದು ಹೇಗೆಂದು ನೀವು ಕೇಳಬಹುದು. ಸುಲಭವಾದ ಕ್ರಮವಿದು: ಫೋನಿನ ಶಬ್ದವನ್ನು ಅದರ ಗರಿಷ್ಠ ಮಟ್ಟದ ನೂರಕ್ಕೆ ಅರವತ್ತು ಭಾಗವನ್ನು ಮೀರಿ ಏರಿಸಬೇಡಿರಿ. ಹೆಡ್‌ಸೆಟ್ ಹಾಕಿಕೊಂಡಿರುವಾಗ ಪಕ್ಕದಲ್ಲಿ ಕುಳಿತವರು ಸಹಜವಾಗಿ ಆಡಿದ ಮಾತು ನಿಮಗೆ ತಿಳಿಯದಿದ್ದರೆ ಶಬ್ದವನ್ನು ತಗ್ಗಿಸಿರಿ.

ನಮ್ಮ ಕೃಷಿಕರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಅಡಿಕೆ ಸುಲಿಯುವ ಯಂತ್ರವೋ ಕಳೆ ಕೊಚ್ಚುವ ಯಂತ್ರವೋ ಗದ್ದಲ ಮಾಡುತ್ತಿರುವಾಗ, ಆ ಸದ್ದನ್ನು ಮೀರಿಸಲು ಹಾಡಿನ ಶಬ್ದವನ್ನು ಏರಿಸುತ್ತಾರೆ. ಯಂತ್ರದ ಪೆಟ್ಟಿನ ಮೇಲೆ ಹಾಡಿನ ಪೆಟ್ಟೂ ಕಿವಿಗೆ ಬೀಳುತ್ತದೆ. ಯಂತ್ರದ ಕೆಲಸಕ್ಕೆ ಬೇಕಾದುದು ಹಾಡಲ್ಲ, ಶಬ್ದ ತಡೆಯುವ ಕಿವಿರಕ್ಷಕ.

ಕೆಲವು ಸ್ಥಳಗಳಲ್ಲಿ ಹೆಡ್‌ಸೆಟ್ಟನ್ನು ಸಂಪೂರ್ಣವಾಗಿ ಬಿಡಬೇಕು. ಮೊದಲನೆಯದು ಅಡಿಕೆ ಮರ. ಕೊನೆ ಕೊಯ್ಯುವವರಿಗೂ ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವವರಿಗೂ ಕೆಳಗಿನವರ ಕೂಗೇ ರಕ್ಷೆ. ಕೆಳಗೆ ಹಗ್ಗ ಹಿಡಿದು ನಿಂತವರಿಗೂ ಮೇಲಿನ ಕೂಗು ಕೇಳಿಸಬೇಕು. ಎರಡನೆಯದು ಕಾಡುದಾರಿ. ಸೊಪ್ಪಿನ ಬೆಟ್ಟಕ್ಕೆ ಹೋಗುವಾಗ ತರಗೆಲೆಯ ಸದ್ದು, ಕಾಡುಕೋಣದ ಉಸಿರು, ಹಕ್ಕಿಗಳ ಎಚ್ಚರಿಕೆಯ ಕೂಗು ಇವನ್ನೆಲ್ಲ ಹಿರಿಯರು ಕಿವಿಯಿಂದಲೇ ಅರಿಯುತ್ತಿದ್ದರು. ಮೂರನೆಯದು ರಸ್ತೆ. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ, ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಿ, ತಿರುವಿನಾಚೆಯ ಲಾರಿ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಬೈಕಿನ ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡವರು ಇದನ್ನು ಮರೆಯಲೇಬಾರದು. ವಾಹನ ನಡೆಸುವಾಗ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಅಪರಾಧ. ಹೆಡ್‌ಸೆಟ್ಟಿನಿಂದ ಕೈ ಬಿಡುವಾಗಬಹುದು, ಮನಸ್ಸು ಬಿಡುವಾಗುವುದಿಲ್ಲ. ಗಾಡಿಯನ್ನು ಬದಿಗೆ ನಿಲ್ಲಿಸಿ ಮಾತನಾಡಿರಿ.

ಮಳೆನಾಡಿನಲ್ಲಿ ಶುಚಿತ್ವಕ್ಕೆ ವಿಶೇಷ ಗಮನ ಕೊಡಬೇಕು. ಒದ್ದೆ ಕಿವಿಯನ್ನು ಇಯರ್‌ಬಡ್‌ನಿಂದ ಮುಚ್ಚಿದರೆ ತೇವ ಒಳಗೇ ಉಳಿದು ಬೂಸ್ಟು ಬೆಳೆಯಲು ಅವಕಾಶವಾಗುತ್ತದೆ. ತುರಿಕೆ, ನೋವು, ಸೋರಿಕೆ ತೋರುತ್ತವೆ. ಮಿಂದ ಮೇಲೆ ಹೊರಗಿವಿಯನ್ನು ಒರೆಸಿ ಒಣಗಲು ಬಿಡಿರಿ. ಸಾಧನವನ್ನು ಒಣ ಬಟ್ಟೆಯಿಂದ ದಿನವೂ ಒರೆಸಿರಿ. ಸಾಧ್ಯವಿದ್ದಮಟ್ಟಿಗೆ ಗಂಡನದು ಗಂಡನಿಗೆ, ಹೆಂಡತಿಯದು ಹೆಂಡತಿಗೆ ಇರಲಿ. ಕಿವಿ ಸೋರುವವರದನ್ನು ಬೇರೆ ಯಾರೂ ಬಳಸಬಾರದು. ನೋವೆಂದು ಕಿವಿಗೆ ಕೊಬ್ಬರಿ ಎಣ್ಣೆ ಹೊಯ್ಯಬೇಡಿರಿ. ಕಡ್ಡಿ, ಪಿನ್ನು ಹಾಕಿ ಕೆದಕಬೇಡಿರಿ. ಇಯರ್‌ಬಡ್‌ನ ರಬ್ಬರು ತುದಿಯನ್ನು ಕೂಸು ನುಂಗಬಹುದು. ಒಳಗಿರುವ ಗುಂಡಿಯಂತಹ ಚಿಕ್ಕ ಬ್ಯಾಟರಿ ಹೊಟ್ಟೆಗೆ ಹೋದರೆ ಪ್ರಾಣಾಪಾಯ. ಅದನ್ನು ಕೂಸಿನ ಕೈಗೆಟುಕದಂತೆ ಎತ್ತಿಡಿರಿ.

ತಲೆಯ ಬಳಿ ತರಂಗವಿದ್ದರೆ ಕ್ಯಾನ್ಸರ್ ಬರುವುದೇ ಎಂಬುದು ಅನೇಕರ ಭಯ. ಹೆಡ್‌ಸೆಟ್ ಹೊರಸೂಸುವ ತರಂಗ ಮೊಬೈಲಿನ ತರಂಗಕ್ಕಿಂತ ಬಹಳ ದುರ್ಬಲವಾದುದು. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇರೆಗೆ ನಡೆದು 2024ರಲ್ಲಿ ಪ್ರಕಟವಾದ ಸಮೀಕ್ಷೆಯು ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಸಿಗ್ನಲ್ ಕ್ಷೀಣವಾಗಿರುವ ಕಣಿವೆಗಳಲ್ಲಿ ಫೋನು ಹೆಚ್ಚು ಶಕ್ತಿ ಬಳಸುತ್ತದೆ. ಅಲ್ಲಿ ಹೆಡ್‌ಸೆಟ್ ಹಾಕಿಕೊಂಡು ಫೋನನ್ನು ತಲೆಯಿಂದ ದೂರವಿಟ್ಟು ಮಾತನಾಡುವುದು ಒಳ್ಳೆಯದೇ. ಹೆಡ್‌ಸೆಟ್ಟಿನಲ್ಲಿ ನಾವು ಅಂಜಬೇಕಾದುದು ತರಂಗಕ್ಕಲ್ಲ, ಶಬ್ದಕ್ಕೆ.

ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು, ಹೇಳಿದ್ದನ್ನೇ ಮತ್ತೆ ಕೇಳುವುದು, ಟಿ.ವಿ. ಶಬ್ದವನ್ನು ಏರಿಸುತ್ತಾ ಹೋಗುವುದು ಇವು ಎಚ್ಚರಿಕೆಯ ಗುರುತುಗಳು. ಇವನ್ನು ತಾನೇ ಅರಿಯುವುದು ಕಷ್ಟ. ಗಂಡನಲ್ಲಿ ಹೆಂಡತಿ, ಹೆಂಡತಿಯಲ್ಲಿ ಗಂಡ ಮೊದಲು ಕಾಣುತ್ತಾರೆ. ಹಾಗೆ ಕಂಡಾಗ ಹಾಸ್ಯಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಜೊತೆಯಾಗಿ ಹೋಗಿರಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದೇ ದಿನ ವೈದ್ಯರನ್ನು ಕಾಣಿರಿ; ತಡಮಾಡಿದಷ್ಟೂ ಗುಣವಾಗುವ ಸಂಭವ ಕಡಿಮೆ.

ಕೊನೆಯದಾಗಿ ಒಂದು ಮಾತು. ದಿನದಲ್ಲಿ ಒಂದು ಹೊತ್ತು, ರಾತ್ರಿ ಊಟದಿಂದ ಮಲಗುವವರೆಗೆ ಎನ್ನೋಣ, ಮನೆಯಲ್ಲಿ ಯಾರ ಕಿವಿಯಲ್ಲಿಯೂ ಹೆಡ್‌ಸೆಟ್ ಇರಬಾರದೆಂದು ಇಬ್ಬರೂ ಕೂಡಿ ನಿರ್ಧರಿಸಿರಿ. ದೂರದವರ ಮಾತನ್ನು ಕೇಳಲು ಯಂತ್ರವುಂಟು. ಹತ್ತಿರದವರ ಮಾತನ್ನು ಕೇಳಲು ತೆರೆದ ಕಿವಿಯೊಂದೇ ಸಾಧನ. ಅದನ್ನು ಒಬ್ಬರಿಗಾಗಿ ಒಬ್ಬರು ಕಾಪಾಡಿಕೊಳ್ಳಿರಿ.