ಪಾಪರ್ ದಾವೆ: ಶುಲ್ಕ ಮಾಫಿಯೇ, ಮುಂದೂಡಿಕೆಯೇ?



ಯಾರದಾದರೂ ವ್ಯಾಪಾರ ಮುಳುಗಿದರೆ ನಾವು ‘ಪಾಪರ್ ಆದ’ ಎನ್ನುತ್ತೇವೆ. ಕೋರ್ಟಿನಲ್ಲಿ ಆ ಮಾತಿನ ಅರ್ಥ ಬೇರೆ. ಸಾಲ ತೀರಿಸಲಾಗದೆ ಕೈಯೆತ್ತಿದವನು ದಿವಾಳಿ. ದಾವೆ ಹೂಡಲು ಶುಲ್ಕ ಕಟ್ಟಲಾಗದವನು ಪಾಪರ್. ಅಂಥವರಿಗಾಗಿಯೇ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 33ನೆಯ ಆದೇಶವಿದೆ. 1976ರ ತಿದ್ದುಪಡಿಯಲ್ಲಿ ಆ ಪದ ತೆಗೆದು ‘ನಿರ್ಗತಿಕ ವ್ಯಕ್ತಿ’ ಎಂಬ ಅರ್ಥದ ಪದ ಇಟ್ಟರು. ಜನರ ಬಾಯಲ್ಲಿ ಮಾತ್ರ ಹಳೆಯದೇ ಉಳಿದಿದೆ.

ಕಮಲಾಪುರದ ಕಡೆಯ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ತಂದೆ ತೀರಿದ ಮೇಲೆ ಅಣ್ಣಂದಿರು ಹೊಲ, ಕೆಂಪು ಬಾಳೆಯ ತೋಟ ಎಲ್ಲವನ್ನೂ ಹಿಡಿದುಕೊಂಡು ಆಕೆಯನ್ನು ಹೊರಗಿಟ್ಟಿದ್ದಾರೆ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯಿದೆಯಂತೆ, ಜಂಟಿ ಸ್ವಾಧೀನದಲ್ಲಿದ್ದು ಪಾಲು ಕೇಳಿದರೆ ಗೊತ್ತುಪಡಿಸಿದ ಅಲ್ಪ ಶುಲ್ಕ ಸಾಕು. ಸ್ವಾಧೀನ ತಪ್ಪಿದವರು ಕೇಳಿದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕು. ಕಳೆದುಕೊಂಡವರಿಗೇ ಹೆಚ್ಚು ಶುಲ್ಕ! ಇದು ನನಗಂತೂ ಸರಿಯೆನಿಸಿಲ್ಲ.

ಕಲಬುರಗಿಗೆ ಬಂದ ಆಕೆ ವಕೀಲರನ್ನು ಕೇಳಬಹುದಾದ ಮೊದಲ ಪ್ರಶ್ನೆ: ‘ಹೊಲದಾಗ ಪಾಲು ಅದ ಅಂದಮ್ಯಾಲ ನಾ ಬಡವಿ ಹ್ಯಾಂಗ ಆಗ್ತೀನ್ರೀ?’ ಆಗಬಹುದು. ದಾವೆಯಲ್ಲಿರುವ ಆಸ್ತಿ ಲೆಕ್ಕಕ್ಕೆ ಬರುವುದಿಲ್ಲ. ಸಂಹಿತೆಯ 60ನೆಯ ಕಲಮಿನಂತೆ ಜಪ್ತಿಗೆ ಒಳಪಡದ ವಸ್ತುಗಳೂ ಬರುವುದಿಲ್ಲ: ಉಡುವ ಬಟ್ಟೆ, ಹಾಸಿಗೆ, ಅಡುಗೆಯ ಪಾತ್ರೆ, ಒಕ್ಕಲುತನದ ಸಾಮಾನು, ಧರ್ಮಾಚಾರದಂತೆ ಹೆಂಗಸು ಮೈಯಿಂದ ತೆಗೆಯಬಾರದ ಒಡವೆ. ಕೊರಳ ತಾಳಿ ಮಾರಿ ಫೀ ಕಟ್ಟೆಂದು ಕೋರ್ಟು ಹೇಳುವಂತಿಲ್ಲ.

ಅರ್ಜಿಯೊಡನೆ ಆಸ್ತಿಪಟ್ಟಿ ಕೊಡಬೇಕು. ಸಾಮಾನ್ಯವಾಗಿ ತಾನೇ ಹಾಜರಾಗಬೇಕು. ಸರ್ಕಾರಿ ವಕೀಲರಿಗೂ ಎದುರು ಪಕ್ಷಕ್ಕೂ ನೋಟೀಸು ಹೋಗುತ್ತದೆ. ಹಿಂದಿನ ಎರಡು ತಿಂಗಳಲ್ಲಿ ಮೋಸದಿಂದ ಆಸ್ತಿ ಪರಭಾರೆ ಮಾಡಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಅರ್ಜಿ ತಿರಸ್ಕೃತವಾದರೂ, ಕೋರ್ಟು ಕೊಟ್ಟ ಗಡುವಿನೊಳಗೆ ಶುಲ್ಕ ಕಟ್ಟಿದರೆ ಅರ್ಜಿ ಕೊಟ್ಟ ದಿನವೇ ದಾವೆ ಹೂಡಿದಂತೆ. ಕಾಲಮಿತಿ ಮೀರುವ ಅಂಚಿನಲ್ಲಿರುವವರಿಗೆ ಇದು ದೊಡ್ಡ ಆಸರೆ.

ಆದರೆ ಅನುಮತಿ ಸಿಕ್ಕಿತೆಂದರೆ ಶುಲ್ಕ ಮಾಫಿಯಾಯಿತು ಎಂದು ಭಾವಿಸುವವರೇ ಬಹಳ. ಅದು ಮಾಫಿಯಲ್ಲ, ಬಾಕಿ. ಆಕೆ ಗೆದ್ದರೆ ಕೋರ್ಟು ಶುಲ್ಕದ ಲೆಕ್ಕ ಹಾಕಿ, ಡಿಕ್ರಿಯಲ್ಲಿ ಯಾರು ಕೊಡಬೇಕೆಂದಿದೆಯೋ ಅವರಿಂದ ಸರ್ಕಾರ ವಸೂಲು ಮಾಡುತ್ತದೆ. ದಾವೆಯ ಆಸ್ತಿಯ ಮೇಲೆ ಮೊದಲ ಹಕ್ಕು ಆ ಬಾಕಿಯದೇ. ಸೋತರೆ ಆಕೆಯೇ ಕಟ್ಟಬೇಕು. ಈ ಮಾತನ್ನು ಅರ್ಜಿಗೆ ಹೆಬ್ಬೆಟ್ಟು ಒತ್ತಿಸುವ ಮೊದಲೇ ಹೇಳಬೇಡವೇ?

ಇನ್ನೊಂದು ದಾರಿಯೂ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲ. ನೆರವೆಂದರೆ ವಕೀಲರನ್ನು ಕೊಡುವುದಷ್ಟೇ ಅಲ್ಲ, ಕೋರ್ಟು ಫೀ ಭರಿಸುವುದೂ ಅದರಲ್ಲಿ ಸೇರಿದೆ. ಆದ್ದರಿಂದ ನಮ್ಮ ಹೆಣ್ಣುಮಗಳು ಮೊದಲು ಕಲಬುರಗಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟುವುದು ಲೇಸು.

ಅಪೀಲಿನ ಮಾತು. ಉಚ್ಚ ನ್ಯಾಯಾಲಯದ ಸಂಚಾರಿ ಪೀಠ 2008ರಲ್ಲಿ ಕಲಬುರಗಿಗೆ ಬಂದು 2013ರಲ್ಲಿ ಕಾಯಂ ಆಯಿತು. ಬೆಂಗಳೂರಿನ ಅಲೆದಾಟ ತಪ್ಪಿತು. ನಿರ್ಗತಿಕರ ಅಪೀಲಿಗೆ 44ನೆಯ ಆದೇಶವಿದೆ. ಆದರೆ ಉಚ್ಚ ನ್ಯಾಯಾಲಯಕ್ಕೆ ಶುಲ್ಕ ಕಟ್ಟಿ ಹೋಗುವವರಿಗೆ 90 ದಿನ, ನಿರ್ಗತಿಕರಾಗಿ ಅನುಮತಿ ಬೇಡುವವರಿಗೆ 60 ದಿನ ಮಾತ್ರ. ಹಣ ಹೊಂದಿಸಲಾಗದವರಿಗೆ ದಿನಗಳೂ ಯಾಕೆ ಕಡಿಮೆಯೋ! ತೀರ್ಪು ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.