ಹವಾಮಾನದ ಹಣ ಗ್ರಾಮಸಭೆಗೆ ಬರಲಿ



ಮೈಸೂರಿನ ಪಕ್ಕದ ಮಂಡಕಳ್ಳಿಯಲ್ಲಿ ನಿಂತು ಹವಾಮಾನದ ಬಗ್ಗೆ ಮಾತಾಡಲು ದೂರದ ಉದಾಹರಣೆ ಹುಡುಕಬೇಕಾಗಿಲ್ಲ. ಇಲ್ಲಿಂದ ನಂಜನಗೂಡು ರಸ್ತೆ ಹಿಡಿದರೆ ಮಲ್ಲನಮೂಲೆ ಮಠ ಸಿಗುತ್ತದೆ. 2018ರ ಮಳೆಗಾಲದಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಕಬಿನಿ ಉಕ್ಕಿ ಅಲ್ಲಿ ಹೆದ್ದಾರಿಯೇ ಮುಳುಗಿತು. ಅದಾದ ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ, ಬಿಡುಗಡೆಯಾದದ್ದು 3,454 ಕೋಟಿ. ಅಷ್ಟರಲ್ಲಿ ಒಣಗಬೇಕಾದ ಬೆಳೆಯೆಲ್ಲ ಒಣಗಿತ್ತು. ನಾನಿಂದು ಮಾತಾಡಲು ಬಯಸುವುದು ಬೆಳೆ ಒಣಗುವ ಮೊದಲೇ, ಏರಿ ಒಡೆಯುವ ಮೊದಲೇ ಊರಿಗೆ ಸೇರಬೇಕಾದ ಹಣದ ಬಗ್ಗೆ.

ಆ ಹಣ ಜಗತ್ತಿನಲ್ಲಿ ಇಲ್ಲವೆಂದಲ್ಲ. ಅಭಿವೃದ್ಧಿಶೀಲ ದೇಶಗಳ ಹವಾಮಾನ ಕೆಲಸಕ್ಕೆ ವರ್ಷಕ್ಕೆ 10 ಸಾವಿರ ಕೋಟಿ ಡಾಲರ್ ಒದಗಿಸುತ್ತೇವೆ ಎಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. 2020ಕ್ಕೆ ಮುಟ್ಟಬೇಕಿದ್ದ ಆ ಗುರಿ, ಅವರದೇ ಲೆಕ್ಕದ ಪ್ರಕಾರ, ಮುಟ್ಟಿದ್ದು 2022ರಲ್ಲಿ. 2024ರಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಸೇರಿದಾಗ, 2035ರ ಹೊತ್ತಿಗೆ ವರ್ಷಕ್ಕೆ 30 ಸಾವಿರ ಕೋಟಿ ಡಾಲರ್ ಎಂದರು. ಮೊತ್ತ ಏರುತ್ತಿದೆ, ಸರಿ. ಆದರೆ ಆ ಹಣ ಯಾರ ಕೈ ಸೇರುತ್ತಿದೆ? ಪರಿಸರ ಮತ್ತು ಅಭಿವೃದ್ಧಿಯನ್ನು ಅಧ್ಯಯನ ಮಾಡುವ ಲಂಡನ್ನಿನ ಸಂಸ್ಥೆಯೊಂದು 2003ರಿಂದ 2016ರವರೆಗಿನ ಅಂತರರಾಷ್ಟ್ರೀಯ ಹವಾಮಾನ ನಿಧಿಗಳ ಲೆಕ್ಕ ತೆಗೆದಾಗ, ಸ್ಥಳೀಯ ಕೆಲಸಕ್ಕೆಂದು ಮೀಸಲಾದದ್ದು ನೂರಕ್ಕೆ ಹತ್ತು ರೂಪಾಯಿಯೂ ಇರಲಿಲ್ಲ.

ದಾರಿ ಎಲ್ಲಿ ಕಟ್ಟಿಕೊಂಡಿದೆ ಎಂದು ಹೇಳುತ್ತೇನೆ. ದಕ್ಷಿಣ ಕೊರಿಯಾದಲ್ಲಿ ಕಚೇರಿಯಿರುವ ಹಸಿರು ಹವಾಮಾನ ನಿಧಿಗೆ ಯಾವ ಪಂಚಾಯಿತಿಯೂ ನೇರವಾಗಿ ಅರ್ಜಿ ಹಾಕುವಂತಿಲ್ಲ. ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು. ನಮ್ಮ ದೇಶದಲ್ಲಿ 2015ರಲ್ಲಿ ಆ ಮಾನ್ಯತೆ ಪಡೆದದ್ದು ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್. ಇನ್ನು ಆ ನಿಧಿಯ ಲೆಕ್ಕದಲ್ಲಿ ‘ಅತಿ ಸಣ್ಣ’ ಯೋಜನೆ ಎಂದರೆ ಒಂದು ಕೋಟಿ ಡಾಲರ್‌ವರೆಗಿನದು, ಆ ಮಿತಿ ಎಂದರೆ ಎಂಬತ್ತು ಕೋಟಿ ರೂಪಾಯಿಗೂ ಮೇಲೆ. ಒಂದು ತೂಬು ಸರಿಪಡಿಸಬೇಕಾದ ಊರು ಈ ಅಳತೆಯಲ್ಲಿ ಕಣ್ಣಿಗೇ ಬೀಳುವುದಿಲ್ಲ. ಕಂಪನಿಯೊಂದು ಇಂಗ್ಲಿಷಿನಲ್ಲಿ ಯೋಜನಾ ವರದಿ (ಡಿಪಿಆರ್) ಬರೆದುಕೊಡುತ್ತದೆ, ಊರಿನವರು ಫಲಾನುಭವಿಗಳ ಪಟ್ಟಿಯಲ್ಲಿ ಸಂಖ್ಯೆಯಾಗಿ ಸೇರುತ್ತಾರೆ.

ಇದಕ್ಕೆ ಬೇರೆ ದಾರಿಯಿದೆ, ಅದನ್ನು ಮೊದಲು ತೋರಿಸಿದವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ, ಮೈಸೂರಿನ ಹೆಸರನ್ನೇ ಇಟ್ಟುಕೊಂಡು ಹುಟ್ಟಿದ ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲಿ ಹಳ್ಳಿಯ ಬಡವರ ಸಣ್ಣ ಗುಂಪುಗಳ ಜೊತೆ ಕೆಲಸ ಮಾಡುತ್ತಿತ್ತು. 1987ರಲ್ಲಿ ಇದೇ ನಬಾರ್ಡ್ ಆ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಸ್ವಸಹಾಯ ಗುಂಪುಗಳಿಗೆ ಬ್ಯಾಂಕ್ ಜೋಡಣೆಯಾಯಿತು. ನೋಂದಣಿಯಿಲ್ಲದ ಗುಂಪಿಗೂ ಖಾತೆ, ಅಡಮಾನವಿಲ್ಲದೆ ಸಾಲ. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಎಂಬುದು ಗುಂಪಿನದೇ ತೀರ್ಮಾನ. ಓದುಬರಹ ಬಾರದ ಹೆಂಗಸರ ಕೈಗೆ ದುಡ್ಡು ಕೊಟ್ಟರೆ ಮುಳುಗಿಹೋಗುತ್ತದೆ ಎಂದು ಹೆದರಿದವರಿಗೆ ನೀವೇ ಉತ್ತರ ಕೊಟ್ಟಿರಿ, ಸ್ತ್ರೀಶಕ್ತಿ ಸಂಘಗಳ ಅಕ್ಕಂದಿರೇ. ವಾರದ ಸಭೆ, ಹಾಜರಿ, ಲೆಕ್ಕದ ಪುಸ್ತಕ, ಕಂತು ತಪ್ಪಿದವರ ಮನೆಗೆ ಹೋಗಿ ಕೇಳುವ ಧೈರ್ಯ: ಹವಾಮಾನ ನಿಧಿಗೆ ಬೇಕಾದ ಶಿಸ್ತು ಇದೇ ಅಲ್ಲವೇ? ಸಾಲಕ್ಕೆ ಕೊಟ್ಟ ನಂಬಿಕೆಯನ್ನು ಕೆರೆಗೆ ಏಕೆ ಕೊಡಬಾರದು?

ಇನ್ನು ಹಣ ನಿಜಕ್ಕೂ ಹಸಿರೇ ಎಂಬ ಪ್ರಶ್ನೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಎದ್ದಿದೆ. ರೈತರ ಜಮೀನನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆ ಹಣ ಕೊಟ್ಟದ್ದು ಒಳ್ಳೆಯ ಕೆಲಸ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಜಮೀನಿನಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ, ಬೆಳೆ ಪಾಲಿಗೆ ಉಳುತ್ತಿದ್ದವರಿಗೆ, ಬೀಳು ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಪಹಣಿಯಲ್ಲಿ ಅವರ ಹೆಸರಿಲ್ಲವಲ್ಲ. ಸರ್ಕಾರದ ಸಹಾಯಧನ ಪಡೆದ ಯೋಜನೆಯನ್ನು ಮೆಗಾವಾಟಿನಲ್ಲಿ ಮಾತ್ರ ಅಳೆದರೆ ಸಾಲದು.

ಕೆರೆ ಕೆಲಸಗಳನ್ನೂ ನೋಡಿ. ಏರಿಯ ಮೇಲೆ ವಾಕಿಂಗ್ ಪಾತ್, ಸುತ್ತ ತಂತಿ ಬೇಲಿ, ಸಿಮೆಂಟ್ ಬೆಂಚು, ಉದ್ಘಾಟನೆಯ ಕಲ್ಲು. ಕೆರೆಗೆ ನೀರು ತರುವ ಕಾಲುವೆಯ ಮೇಲೆ ಬಡಾವಣೆ ಎದ್ದಿದ್ದರೆ ಅದನ್ನು ಯಾರೂ ಮುಟ್ಟುವುದಿಲ್ಲ. ಕೋಡಿಯ ಎತ್ತರ ಸರಿಯಿದೆಯೇ, ತೂಬು ಸೋರುತ್ತಿದೆಯೇ ಎಂದು ಏರಿಯ ಕೆಳಗಿನ ಗದ್ದೆಯವನನ್ನು ಕೇಳುವುದಿಲ್ಲ. ಕಾಲುವೆ ಕಾಯುತ್ತಿದ್ದ ನೀರುಗಂಟಿಗೆ ಹಿಂದೆ ಊರು ಕಾಳು ಅಳೆದು ಕೊಡುತ್ತಿತ್ತು. ಇಂದು ಅವನ ಕೂಲಿ ಯಾವ ಅಂದಾಜು ಪಟ್ಟಿಯಲ್ಲೂ ಇಲ್ಲ. ಊರನ್ನೇ ಕೇಳಿದ ಕಡೆಯೂ ಇದೆ. ಕೆನ್ಯಾದ ಇಸಿಯೋಲೊದಲ್ಲಿ ಹವಾಮಾನ ನಿಧಿಯ ಬಹುಪಾಲನ್ನು ಎಲ್ಲಿ ಖರ್ಚು ಮಾಡಬೇಕೆಂದು ವಾರ್ಡು ಮಟ್ಟದ ಸಮಿತಿಗಳೇ ನಿರ್ಧರಿಸಲು ಬಿಟ್ಟಾಗ, ದನಗಾಹಿಗಳು ನೀರಿನ ಹೊಂಡಗಳ ಜೊತೆಗೆ ಒಣಕಾಲದ ಹುಲ್ಲುಗಾವಲು ಕಾಯುವ ವ್ಯವಸ್ಥೆಗೂ ಹಣ ಬೇಕೆಂದರು. ಊರನ್ನು ಕೇಳಿದರೆ ಇಂಥ ಬುದ್ಧಿವಂತಿಕೆ ಹೊರಬರುತ್ತದೆ.

ನಮ್ಮಲ್ಲಿ ಕಾನೂನಿಗೂ ಕೊರತೆಯಿಲ್ಲ. ರಾಜ್ಯದ ಪಂಚಾಯತ್ ರಾಜ್ ಸಚಿವರಾಗಿದ್ದ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್, ಜನ ಪ್ರೀತಿಯಿಂದ ಕರೆದ ನೀರ್ ಸಾಬ್, 1983ರ ಪಂಚಾಯಿತಿ ಕಾಯ್ದೆಯ ಮೂಲಕ ಹಳ್ಳಿಗೆ ಅಧಿಕಾರ ಇಳಿಸಿ ತೋರಿಸಿದರು. ಹತ್ತು ವರ್ಷಗಳ ನಂತರ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆಂದು ಪಟ್ಟಿ ಮಾಡಿದ 29 ವಿಷಯಗಳಲ್ಲಿ ಸಣ್ಣ ನೀರಾವರಿ, ಜಲಾನಯನ, ಸಾಮಾಜಿಕ ಅರಣ್ಯ, ಮೇವು, ಅಸಾಂಪ್ರದಾಯಿಕ ಇಂಧನ ಎಲ್ಲವೂ ಇವೆ. ಹವಾಮಾನದ ಕೆಲಸವೆಂದರೆ ಇವೇ. ಕೆಲಸ ನಮ್ಮ ಪಟ್ಟಿಯಲ್ಲಿದೆ, ಹಣದ ಚೀಲ ಇನ್ನೊಬ್ಬರ ಬಳಿಯಿದೆ.

ಆದ್ದರಿಂದ ಸರ್ಕಾರಕ್ಕೂ ನಬಾರ್ಡಿಗೂ ಈ ಸಮಾವೇಶದಿಂದ ಒಂದು ಬೇಡಿಕೆ ಹೋಗಲಿ. ನಾಲ್ಕಾರು ಪಂಚಾಯಿತಿಗಳು ಒಟ್ಟಾಗಿ ಕನ್ನಡದಲ್ಲೇ ಅರ್ಜಿ ಹಾಕಬಹುದಾದ ಸಣ್ಣ ಮೊತ್ತದ ಹವಾಮಾನ ನಿಧಿಯನ್ನು ತೆರೆಯಿರಿ. ನಿರ್ವಹಣೆಗೆ, ನೀರುಗಂಟಿಯ ಕೂಲಿಗೆ ಅದರಲ್ಲಿ ಜಾಗವಿರಲಿ. ಜಮೀನಿಲ್ಲದವರ ಪಾಲು ಎಷ್ಟೆಂದು ಬರೆಯದ ಯೋಜನೆಗೆ ಮಂಜೂರಾತಿ ಬೇಡ. ಬಂದ ಹಣ, ಆದ ಖರ್ಚು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಕಾಣಲಿ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ನಿಮ್ಮೂರಿನ ಕೆರೆ, ಗೋಮಾಳ, ಕಾಲುವೆಗೆ ಏನಾಗಬೇಕೆಂದು ಮಾತಾಡಿ, ಕ್ರಿಯಾ ಯೋಜನೆಯಲ್ಲಿ ಸೇರಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ. ಆ ಠರಾವಿನ ಪ್ರತಿಗಳು ನಮ್ಮ ಕೈಗೆ ಬಂದರೆ, ಅವನ್ನೇ ಹಿಡಿದು ನಬಾರ್ಡಿನ ಬಾಗಿಲು ತಟ್ಟೋಣ.