ಠರಾವು ಪುಸ್ತಕದ ಮುಂದೆ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಕಂಡವರು ಆ ಕೆಂಪು ರಾಶಿಗಳನ್ನು ಮರೆಯಲಾರರು. ರಾಶಿಯ ಮಗ್ಗುಲಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು, ಒಂದೊಂದೇ ಕಾಯಿಯ ತೊಟ್ಟು ಬಿಡಿಸುತ್ತ ಕುಳಿತ ಹೆಂಗಸರನ್ನು ಎಷ್ಟು ಜನ ನೆನಪಿಟ್ಟುಕೊಳ್ಳುತ್ತಾರೋ ನಾನರಿಯೆ. ನಮ್ಮ ಸೀಮೆಯಲ್ಲಿ ಹೆಣ್ಣು ಮನೆಯ ಹೊರಗೆ ದುಡಿಯುವುದು ಹೊಸತಲ್ಲ. ಊರಿನ ವ್ಯವಹಾರವನ್ನು ನಿರ್ಣಯಿಸುವ ಸಭೆಯಲ್ಲಿ ಆಕೆ ಕುಳಿತದ್ದು ಹೊಸತು. ಈ ಹೊತ್ತು ನಾನು ಹೇಳಹೊರಟಿರುವುದು ಅದನ್ನು.

ಹೊಸತೆಂದುದೂ ಪೂರ್ತಿ ಸರಿಯಲ್ಲ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಇದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಅವರ ಪತ್ನಿ ಸಿದ್ದಮ್ಮನವರೂ ಸತ್ಯಾಗ್ರಹಕ್ಕಿಳಿದು ಸೆರೆಮನೆ ಕಂಡವರೆಂದು ಹೇಳುವಾಗ ಮಾತ್ರ ನಮ್ಮ ದನಿ ಏಕೋ ತಗ್ಗುತ್ತದೆ. ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರ ಅವರು ತಿಲಕ ಕನ್ಯಾಶಾಲೆಯನ್ನು ನಡೆಸಿದರು, ಸೇವಾದಳದಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿದರು, ಯೆರವಡಾ ಸೆರೆಮನೆಗೂ ಹೋದರು. ಸ್ವಾತಂತ್ರ್ಯ ಬಂದ ಮೇಲೆ ಇಂಥವರ ಹಿಂದೆ ನಡೆದ ಹೆಂಗಸರು ಬಹುಮಟ್ಟಿಗೆ ಒಲೆಯ ಮುಂದಕ್ಕೇ ಮರಳಿದರು.

ಇದು ನಮ್ಮೊಬ್ಬರ ಕಥೆಯಲ್ಲ. ನಮ್ಮಂತೆಯೇ ಎರೆಮಣ್ಣು, ನಮ್ಮಂತೆಯೇ ಹತ್ತಿ ಇರುವ ದೇಶ ಸುಡಾನ್. ಅಲ್ಲಿ ಬಾಬಿಕರ್ ಬದ್ರಿ ಎಂಬ ಉಪಾಧ್ಯಾಯರು 1907ರಲ್ಲಿ ರುಫಾ ಎಂಬ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಮೊದಲು ಕೂಡಿಸಿದ್ದು ತಮ್ಮ ಮನೆಯ ಹೆಣ್ಣುಮಕ್ಕಳನ್ನೇ. 1965ರಲ್ಲಿ ಫಾತಿಮಾ ಅಹಮದ್ ಇಬ್ರಾಹಿಂ ಅವರು ಆ ದೇಶದ ಸಂಸತ್ತಿಗೆ ಆರಿಸಿಬಂದ ಮೊದಲ ಮಹಿಳೆಯಾದರು. 2019ರಲ್ಲಿ ಅಲ್ಲಿನ ಸರ್ವಾಧಿಕಾರಿ ಉರುಳಿದಾಗ ಬೀದಿಯಲ್ಲಿ ಮುಂದೆ ನಿಂತವರಲ್ಲಿ ಹೆಂಗಸರು ಅಪಾರ. ಆಳುವವರ ಮೇಜಿನ ಸುತ್ತ ಆಸನ ಹಾಕುವ ವೇಳೆಗೆ ಅವರ ಸಂಖ್ಯೆ ಕರಗಿತು. ಬೀದಿಗೆ ಕರೆಯುವವರು ಮೇಜಿಗೆ ಕರೆಯುವುದಿಲ್ಲ.

ನಮ್ಮಲ್ಲಿ ಆಸನ ಬಂದದ್ದು ಕಾನೂನಿನಿಂದ. 1983ರ ಕಾಯಿದೆಯಂತೆ 1987ರಲ್ಲಿ ಮಂಡಲ ಪಂಚಾಯತಿಗಳ ಚುನಾವಣೆ ನಡೆದಾಗ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಾಗಿದ್ದವು. 1993ರ ಕಾಯಿದೆ ಅದನ್ನು ಮೂರರಲ್ಲಿ ಒಂದು ಮಾಡಿತು. 2010ರ ತಿದ್ದುಪಡಿ ಅರ್ಧಕ್ಕೇರಿಸಿತು. ಕಾನೂನು ಕುರ್ಚಿಯನ್ನು ಕೊಟ್ಟಿತು. ಕುರ್ಚಿಯಲ್ಲಿ ಕುಳಿತವಳ ಗಂಡ ಪಕ್ಕದ ಕುರ್ಚಿಯಲ್ಲಿ ಕೂಡ್ರುವುದನ್ನು ತಪ್ಪಿಸಲಿಲ್ಲ.

ನಾನು ರಾಣೇಬೆನ್ನೂರು ತಾಲೂಕಿನ ಒಂದು ಹಳ್ಳಿಯಲ್ಲಿ ಬಹುಕಾಲ ಶಿಕ್ಷಕಿಯಾಗಿದ್ದೆ. ಬೀಜೋತ್ಪಾದನೆಗೆ ಹೆಸರಾದ ಸೀಮೆ ಅದು. ಹೈಬ್ರಿಡ್ ಹತ್ತಿಯ ಹೊಲಗಳಲ್ಲಿ ಸಂಜೆ ಮೊಗ್ಗಿನ ಗಂಡುಭಾಗವನ್ನು ಚಿವುಟಿ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಎಳೆಯ ಬೆರಳುಗಳೇ ಬೇಕೆಂದು ಹೇಳಿ ಹುಡುಗಿಯರನ್ನು ಕರೆದೊಯ್ಯುತ್ತಿದ್ದರು. ಬೆರಳಿಗಿಂತ ಅವರ ಕಡಿಮೆ ಕೂಲಿಯೇ ಎಳೆಯದಾಗಿತ್ತೆಂದು ನನ್ನ ಎಣಿಕೆ. ನಾಲ್ಕನೆಯ ಇಯತ್ತೆಯಲ್ಲಿ ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗಿ ಹಾಗೆಯೇ ಹೋದಳು. ಎರಡು ತಿಂಗಳು ಕಾದು, ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿಗೆ ಗೆರೆ ಎಳೆದೆ.

1993ರ ಕೊನೆಯಲ್ಲಿ ಗ್ರಾಮ ಪಂಚಾಯತಿಯ ಚುನಾವಣೆ ನಡೆಯಿತು. ಕೆಲವು ತಿಂಗಳ ಮೇಲೆ ಒಂದು ಸಂಜೆ ಆಕೆ ನಮ್ಮ ಮನೆಯ ಕಟ್ಟೆಗೆ ಬಂದಳು. ಮೀಸಲು ಸ್ಥಾನದಿಂದ ಸದಸ್ಯೆಯಾಗಿದ್ದಳು. ಕೈಯಲ್ಲಿ ಠರಾವಿನ ನಕಲು.

"ಅಕ್ಕೋರ, ಇದರಾಗ ಏನ್ ಬರದೈತಿ ಅಂತ ಓದಿ ಹೇಳ್ರಿ. ಪುಸ್ತಕ ಮನೀಗೆ ಕಳಿಸಿದ್ರು, ಸಹಿ ಮಾಡಿ ಕೊಟ್ಟೇನಿ."

ಓದಿದೆ. ಆಕೆಯ ಕೇರಿಗೆ ಬರಬೇಕಾಗಿದ್ದ ಬೋರು ಬೇರೊಂದು ಓಣಿಗೆ ಹೋಗಿತ್ತು. ಒಪ್ಪಿದವರ ಸಾಲಿನಲ್ಲಿ ಆಕೆಯ ಸಹಿಯೂ ಇತ್ತು. ನನಗೆ ಸಿಟ್ಟು ಬಂದು, "ಓದದ ಸಹಿ ಮಾಡತಾರೇನವಾ?" ಎಂದು ಗದರಿದೆ.

ಆಕೆ ತಲೆ ತಗ್ಗಿಸಲಿಲ್ಲ. "ನನ್ನ ಹೆಸರು ಹೊಡದಾಗ ನೀವರ ಕೇಳಿದ್ರೇನ್ರಿ ಅಕ್ಕೋರ?" ಎಂದಳು.

ಉತ್ತರ ನನ್ನಲ್ಲಿರಲಿಲ್ಲ. ಎರಡು ಹೊಲಗಳಾಚೆ ಇದ್ದ ಆಕೆಯ ಮನೆಗೆ ಆ ಎರಡು ತಿಂಗಳಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ. ಒಳಗೆ ಹೋಗಿ ಸ್ಲೇಟು ತಂದೆ.

ಮಳೆಗಾಲ ಮುಗಿಯುವವರೆಗೆ ಕ್ರಾಸಿಂಗ್ ಮುಗಿಸಿ, ಬೆರಳಿಗೆ ಹಳದಿ ಮೆತ್ತಿಕೊಂಡೇ ಆಕೆ ಬರುತ್ತಿದ್ದಳು. ಮರೆತಿದ್ದ ಅಕ್ಷರಗಳು ಬೇಗ ಮರಳಿದವು, ಒತ್ತಕ್ಷರಗಳು ಕಾಡಿದವು. ಮುಂದಿನ ಸಭೆಗಳಲ್ಲಿ ಠರಾವು ಓದಿ ಹೇಳದ ಹೊರತು ಸಹಿ ಇಲ್ಲವೆಂದು ಹಟ ಹಿಡಿದಳು. ಗಂಡನೇ ಮೊದಲು ಬೈದನಂತೆ. ಬೋರು ತಿರುಗಿ ಬರಲಿಲ್ಲ. ವರ್ಷ ಕಳೆದು ಕೇರಿಗೆ ಒಂದು ನಳ ಬಂದಿತು.

ಮುಂದಿನ ಚುನಾವಣೆಗೆ ಆ ಸ್ಥಾನದ ಮೀಸಲಾತಿ ಬದಲಾಯಿತು. ಆಕೆ ಮತ್ತೆ ನಿಲ್ಲಲಿಲ್ಲ, ಹೊಲದ ಕೆಲಸಕ್ಕೆ ಮರಳಿದಳು. ಗ್ರಾಮಸಭೆಯ ದಿನ ಮಾತ್ರ ಕೂಲಿ ಬಿಟ್ಟು ಬಂದು, ಹಿಂದಿನ ಸಾಲಿನಲ್ಲಿ ಕುಳಿತು, "ಅದನ್ನ ಪೂರ್ತಿ ಓದ್ರಿ" ಎಂದು ಈಗಲೂ ಕೇಳುತ್ತಾಳೆಂದು ಆ ಊರಿನಿಂದ ಬಂದವರು ನನಗೆ ಹೇಳುತ್ತಾರೆ.